ಹಂಚಿಕೊಂಡ ತಂತ್ರಾಂಶ, ಒಬ್ಬಂಟಿ ಕಾವಲು

ಪ್ರೋಗ್ರಾಂ ಒಂದನ್ನು ರಚಿಸಿದವನು ಅದಕ್ಕೆ ಬೆಲೆ ಕಟ್ಟದೆ, ಅದರ ಒಳಗುಟ್ಟನ್ನೂ ಮುಚ್ಚಿಡದೆ, ಕೇಳಿದವರಿಗೆಲ್ಲ ಕೊಟ್ಟುಬಿಡುವ ಪದ್ಧತಿಯು ಇತ್ತೀಚಿನ ಕೆಲವು ಆದರ್ಶವಾದಿಗಳಿಂದ ಹುಟ್ಟಿತೆಂದು ಭಾವಿಸುವವರು ಅನೇಕರುಂಟು. ವಾಸ್ತವವಾಗಿ ಅದು ಕಂಪ್ಯೂಟರಿನ ವ್ಯಾಪಾರದಷ್ಟೇ ಹಳೆಯದು. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತಲಿನ ವಿಮಾನ ತಯಾರಕರು, ಐಬಿಎಂ ಕಂಪನಿಯ 704 ಎಂಬ ಹೊಸ ಯಂತ್ರದ ಆಗಮನವನ್ನು ಇದಿರುನೋಡುತ್ತಿದ್ದ ಸಮಯದಲ್ಲಿ, ‘ಷೇರ್’ ಎಂಬ ಸಂಘವೊಂದನ್ನು ಕಟ್ಟಿಕೊಂಡರು. ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಾಗಿದ್ದ ಸಂಸ್ಥೆಗಳು ಅವು. ಆದರೂ ಒಂದೇ ಬಗೆಯ ಗಣಿತದ ಪ್ರೋಗ್ರಾಮನ್ನು ಪ್ರತಿಯೊಂದು ಸಂಸ್ಥೆಯೂ ತನ್ನ ಪಾಡಿಗೆ ತಾನು ಬರೆದುಕೊಳ್ಳುವುದು ಶ್ರಮದ ಅಪವ್ಯಯವೆಂದು ಕಂಡುಕೊಂಡ ಅವರ ಎಂಜಿನಿಯರುಗಳು, ತಾವು ಬರೆದುದನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವ ಸಂಪ್ರದಾಯಕ್ಕೆ ನಾಂದಿ ಹಾಡಿದರು. ಯಂತ್ರವನ್ನು ಒದಗಿಸುತ್ತಿದ್ದ ಐಬಿಎಂ ಕೂಡ ಆ ಕಾಲದಲ್ಲಿ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ವಿಧಿಸುತ್ತಿರಲಿಲ್ಲ. ಅದನ್ನು ಯಂತ್ರದಿಂದ ಬೇರ್ಪಡಿಸಿ ಮಾರುವೆನೆಂದು ಆ ಕಂಪನಿ ಸಾರಿದ್ದು 1969ರಲ್ಲಿ.

ಅದೇ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ನಿರ್ಮಾಣಕ್ಕೆ ಕೈಹಚ್ಚಿದರು. ಪ್ರಯೋಗಾಲಯದ ಒಡೆತನವಿದ್ದ ಎಟಿ ಅಂಡ್ ಟಿ ಕಂಪನಿಯು ಟೆಲಿಫೋನ್ ವ್ಯವಹಾರವನ್ನು ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯಕೂಡದೆಂದು 1956ರ ನ್ಯಾಯಾಲಯದ ಒಪ್ಪಂದವೊಂದು ಕಟ್ಟುಮಾಡಿದ್ದ ಕಾರಣ, ಯುನಿಕ್ಸ್ ತನ್ನ ಮೂಲ ಕೋಡ್ ಸಮೇತವಾಗಿ, ಅಲ್ಪ ಶುಲ್ಕಕ್ಕೆ, ವಿಶ್ವವಿದ್ಯಾಲಯಗಳಿಗೆ ಹರಿದುಹೋಯಿತು. ಯುನಿಕ್ಸಿನ ಟೇಪನ್ನು ಕಳುಹಿಸಿದವರನ್ನು ಅದನ್ನು ಪಡೆದವರು ಬಲ್ಲವರಾಗಿದ್ದರು. ತಪ್ಪು ಕಂಡರೆ ಪತ್ರ ಬರೆಯುತ್ತಿದ್ದರು, ತಿದ್ದುಪಡಿಯನ್ನು ಹಿಂದಕ್ಕೆ ಕಳುಹುತ್ತಿದ್ದರು. ದಾನಿಗೂ ಗ್ರಹೀತೃವಿಗೂ ನಡುವೆ ಈ ಮುಖಪರಿಚಯವಿದ್ದ ಕಾಲಾವಧಿಯಲ್ಲಿ, ವಿಶ್ವಾಸವೆಂಬುದು ಬೇರೆಯಾಗಿ ಚಿಂತಿಸಬೇಕಾದ ವಿಷಯವೆಂದು ಹೆಚ್ಚು ಮಂದಿಗೆ ತೋರಲಿಲ್ಲ.

ತೋರಿದವರಲ್ಲಿ ಥಾಂಪ್ಸನ್ನರೇ ಒಬ್ಬರು. 1983ರ ಟ್ಯೂರಿಂಗ್ ಪ್ರಶಸ್ತಿಯನ್ನು ರಿಚಿಯವರೊಡನೆ ಹಂಚಿಕೊಂಡ ಅವರು, ಆ ಸಂದರ್ಭದಲ್ಲಿ ಮಾಡಿದ, 1984ರಲ್ಲಿ ಅಚ್ಚಾದ ಕಿರು ಉಪನ್ಯಾಸದಲ್ಲಿ ತಮ್ಮ ಕೃತಿಯ ಗುಣಗಾನಕ್ಕೆ ತೊಡಗದೆ ಒಂದು ಭಯಾನಕ ಸಾಧ್ಯತೆಯನ್ನು ವಿವರಿಸಿದರು. ಮನುಷ್ಯರು ಓದಬಲ್ಲ ಕೋಡನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ಮಾರ್ಪಡಿಸುವ ಕಂಪೈಲರನ್ನೇ ಒಬ್ಬಾತ ಕೆಡಿಸಿದನೆಂದುಕೊಳ್ಳೋಣ. ಲಾಗಿನ್ ಪ್ರೋಗ್ರಾಮನ್ನು ಕಂಡೊಡನೆ ಅದು ಅದರೊಳಗೆ ಒಂದು ಗುಪ್ತದ್ವಾರವನ್ನು ಇಡುತ್ತದೆ. ತನ್ನದೇ ಕೋಡನ್ನು ಕಂಡೊಡನೆ ಈ ದುಷ್ಟಬುದ್ಧಿಯನ್ನು ಹೊಸ ಕಂಪೈಲರಿಗೂ ದಾಟಿಸುತ್ತದೆ. ಆ ಬಳಿಕ ಮೂಲ ಕೋಡಿನಿಂದ ವಂಚನೆಯ ಎಲ್ಲ ಕುರುಹುಗಳನ್ನೂ ಅಳಿಸಿಬಿಟ್ಟರೂ ಗುಪ್ತದ್ವಾರವು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಉಳಿದೇ ಇರುತ್ತದೆ. ಓದುವವನು ಎಷ್ಟೇ ಜಾಗರೂಕನಾಗಿ ಓದಿದರೂ ಅವನಿಗೆ ಕಾಣುವುದು ನಿರ್ದೋಷವಾದ ಬರಹ. ಬರೆದ ಮನುಷ್ಯನನ್ನು ನಂಬದೆ ಬರಹವನ್ನು ಮಾತ್ರ ನಂಬುವುದು ಅಸಾಧ್ಯವೆಂಬುದು ಆ ಉಪನ್ಯಾಸದ ತಿರುಳು. ಕಂಪ್ಯೂಟರ್ ವಿಜ್ಞಾನದಲ್ಲಿ ಇಷ್ಟು ಕಡಿಮೆ ಪುಟಗಳಲ್ಲಿ ಇಷ್ಟು ದೂರ ಕಂಡ ಬರಹ ಇನ್ನೊಂದಿದೆಯೆಂದು ನನಗೆ ತೋರುವುದಿಲ್ಲ.

ಪರಿಚಿತರ ಸಮಾಜವು ಮುಗಿದುಹೋಯಿತೆಂಬುದನ್ನು ಲೋಕಕ್ಕೆ ತಿಳಿಸಿದ್ದು 1988ರ ನವೆಂಬರ್ 2ನೆಯ ತಾರೀಖು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮೋರಿಸ್ ಅಂದು ಬಿಟ್ಟ, ತಾನಾಗಿ ಹರಡುವ ‘ಹುಳು’ ಪ್ರೋಗ್ರಾಮೊಂದು, ಪಾಸ್‌ವರ್ಡನ್ನು ಕೇಳದೆ ನೆರೆಯ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದ ಕಂಪ್ಯೂಟರುಗಳ ಸೌಜನ್ಯವನ್ನೂ ಉಪಯೋಗಿಸಿಕೊಂಡು, ಸಹಸ್ರಾರು ಯಂತ್ರಗಳನ್ನು ಸ್ತಬ್ಧಗೊಳಿಸಿತು. ಅನಂತರದ ವರ್ಷಗಳಲ್ಲಿ ಜಾಲದ ಮೇಲೆ ಬಚ್ಚಿಡದೆ ಸಾಗುತ್ತಿದ್ದ ಪಾಸ್‌ವರ್ಡುಗಳನ್ನು ನಡುದಾರಿಯಲ್ಲಿ ಕದಿಯುವುದು ಸಾಮಾನ್ಯವಾಯಿತು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅಂಥದೊಂದು ಕಳವು ನಡೆದ ಮೇಲೆ, ಅಲ್ಲಿನ ಸಂಶೋಧಕ ತಾತು ಯ್ಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಎಂಬ ಸಾಧನವನ್ನು ರಚಿಸಿ ಉಚಿತವಾಗಿ ಹಂಚಿದರು. ದೂರದ ಸರ್ವರಿನೊಂದಿಗೆ ನಡೆಸುವ ಸಂಭಾಷಣೆಯನ್ನು ಗೂಢಲಿಪಿಯಿಂದ ಮುಚ್ಚುವ ಈ ಸಾಧನ, ಮುಂದೆ 1999ರಲ್ಲಿ ಓಪನ್‌ಬಿಎಸ್‌ಡಿ ಬಳಗದವರ ಕೈಯಲ್ಲಿ ಓಪನ್‌ಎಸ್‌ಎಸ್‌ಎಚ್ ಆಗಿ ಮರುಹುಟ್ಟು ಪಡೆದು ಸರ್ವವ್ಯಾಪಿಯಾಯಿತು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕುಳಿತು ಸಮುದ್ರದಾಚೆಯ ಸರ್ವರುಗಳನ್ನು ನೋಡಿಕೊಳ್ಳುವ ನಮ್ಮ ಎಂಜಿನಿಯರುಗಳು ದಿನಬೆಳಗಾದರೆ ದಾಟುವ ಹೊಸ್ತಿಲು ಇದೇ.

ಈ ನಡುವೆ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನು ಯೋಜನೆಯೂ 1991ರಲ್ಲಿ ಲೈನಸ್ ತೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸೂ ಹಂಚಿಕೊಳ್ಳುವ ಹಳೆಯ ಪದ್ಧತಿಗೆ ಶಾಸನಬದ್ಧವಾದ ರೂಪವನ್ನೂ ಲೋಕವ್ಯಾಪ್ತಿಯನ್ನೂ ತಂದುಕೊಟ್ಟವು. ಕೋಡು ಬಹಿರಂಗವಾಗಿದ್ದರೆ ಅದನ್ನು ನೋಡುವ ಕಣ್ಣುಗಳು ಅಸಂಖ್ಯವಾಗುತ್ತವೆ, ಆದುದರಿಂದ ದೋಷವು ಬಹುಕಾಲ ಅಡಗಿರಲಾರದು ಎಂಬ ನಂಬಿಕೆಯೂ ಅದರೊಡನೆ ಬೆಳೆಯಿತು. ನಂಬಿಕೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ನೋಡಬಹುದಾದ ಕಣ್ಣುಗಳೆಲ್ಲ ನೋಡುವ ಕಣ್ಣುಗಳಾಗಿರಲಿಲ್ಲ. 2014ರ ಏಪ್ರಿಲಿನಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ದೋಷವು ಇದಕ್ಕೆ ಸಾಕ್ಷಿ. ಬ್ಯಾಂಕು ಮೊದಲ್ಗೊಂಡು ಅಂಚೆಪೆಟ್ಟಿಗೆಯವರೆಗೆ ಅಸಂಖ್ಯ ಜಾಲತಾಣಗಳ ಗುಟ್ಟನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್, ತನಗೆ ಬಂದ ಸಂದೇಶವು ಇಷ್ಟು ಉದ್ದವೆಂದು ಕಳುಹಿಸಿದವನು ಹೇಳಿದ ಮಾತನ್ನು ಅಳೆದುನೋಡದೆ ನಂಬಿ, ಅಷ್ಟು ಉದ್ದಕ್ಕೆ ತನ್ನ ಸ್ಮೃತಿಯಲ್ಲಿದ್ದುದನ್ನೆಲ್ಲ ಹಿಂದಕ್ಕೆ ಕಳುಹಿಸುತ್ತಿತ್ತು. ಒಂದು ಬಾರಿಗೆ 64 ಕಿಲೋಬೈಟುಗಳವರೆಗೆ. 2012ರ ಮಾರ್ಚಿನಲ್ಲಿ ಪ್ರಕಟವಾದ ಆವೃತ್ತಿಯಲ್ಲಿದ್ದ ಈ ತಪ್ಪು ಎರಡು ವರ್ಷಕ್ಕೂ ಮಿಕ್ಕಿ ಯಾರ ಕಣ್ಣಿಗೂ ಬೀಳಲಿಲ್ಲ. ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ದೇಣಿಗೆಯಾಗಿ ವರ್ಷಕ್ಕೆ ಕೂಡಿಬರುತ್ತಿದ್ದುದು ಎರಡು ಸಾವಿರ ಡಾಲರುಗಳ ಆಸುಪಾಸು.

ನಮ್ಮ ಹಳೆಯ ಗ್ರಾಮವ್ಯವಸ್ಥೆಯಲ್ಲಿ ಕೆರೆಯ ತೂಬನ್ನು ಕಾಯಲು ನೀರಗಂಟಿಯಿದ್ದನು. ಕೆರೆಯು ಊರೆಲ್ಲರದು, ಆದಕಾರಣ ಎಲ್ಲರೂ ಅದನ್ನು ನೋಡಿಕೊಂಡಾರು ಎಂದು ಹಿರಿಯರು ಸುಮ್ಮನಿರಲಿಲ್ಲ. ಒಬ್ಬನನ್ನು ನೇಮಿಸಿ, ನೀರುಂಡ ಪ್ರತಿಯೊಂದು ಗದ್ದೆಯ ಫಸಲಿನಲ್ಲಿಯೂ ಅವನಿಗೆ ಆಯವನ್ನು ಅಳೆದುಕೊಟ್ಟರು. ತಂತ್ರಾಂಶದ ಲೋಕದಲ್ಲಿ ನೀರನ್ನು ಹಾಯಿಸಿಕೊಂಡು ಮಹಾಸೌಧಗಳನ್ನೆಬ್ಬಿಸಿದ ಕಂಪನಿಗಳಿಗೆ ಈ ಆಯದ ನೆನಪು ಬಹುಕಾಲ ಬರಲಿಲ್ಲ. ಹಾರ್ಟ್‌ಬ್ಲೀಡಿನ ತರುವಾಯ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಒಂದು ನಿಧಿಯೇನೋ ಏರ್ಪಟ್ಟಿತು. ಅದರ ಪ್ರಯೋಜನ ಹೆಸರುವಾಸಿಯಾದ ಕೆಲವು ಯೋಜನೆಗಳಿಗೆ ದೊರೆಯಿತು. ಹೆಸರಿಲ್ಲದವು ಹಾಗೆಯೇ ಉಳಿದವು.

ಹಾಗೆ ಉಳಿದವುಗಳಲ್ಲಿ ಎಕ್ಸ್‌ಝೆಡ್ ಯುಟಿಲ್ಸ್ ಒಂದು. ಕಡತಗಳನ್ನು ಒತ್ತಿ ಚಿಕ್ಕದು ಮಾಡುವುದು ಅದರ ಕೆಲಸ. ಅದನ್ನು ಬಹು ವರ್ಷಗಳಿಂದ ನೋಡಿಕೊಂಡು ಬಂದಿದ್ದವರು ಫಿನ್ಲೆಂಡಿನ ಲಾಸೆ ಕೊಲಿನ್. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ. 2021ರ ಅಂತ್ಯದ ಹೊತ್ತಿಗೆ ಜಿಯಾ ಟ್ಯಾನ್ ಎಂಬ ಹೆಸರಿನಿಂದ ಒಬ್ಬರು ಚಿಕ್ಕಪುಟ್ಟ ತಿದ್ದುಪಡಿಗಳನ್ನು ಕಳುಹಿಸತೊಡಗಿದರು. ಮರುವರ್ಷ ಬೇರೆ ಕೆಲವು ಹೆಸರುಗಳು ಕಾಣಿಸಿಕೊಂಡವು. ಅವುಗಳ ಪತ್ರಗಳಲ್ಲೆಲ್ಲ ಒಂದೇ ರಾಗ: ಕೆಲಸ ನಿಧಾನವಾಗುತ್ತಿದೆ, ತಿದ್ದುಪಡಿಗಳು ಕೊಳೆಯುತ್ತಿವೆ, ನಿಮಗೆ ಆಗದಿದ್ದರೆ ಇನ್ನೊಬ್ಬರಿಗೆ ಒಪ್ಪಿಸಬಾರದೇಕೆ? ಕೊಲಿನ್ ತಮ್ಮ ಆರೋಗ್ಯದ ಕಷ್ಟವನ್ನೂ, ಇದು ವೇತನವಿಲ್ಲದ ಹವ್ಯಾಸವೆಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆದು ತಿಳಿಸಿದರು. ಒತ್ತಾಯ ನಿಲ್ಲಲಿಲ್ಲ. ಸಹಾಯಕ್ಕೆಂದು ಸಿದ್ಧವಾಗಿ ನಿಂತಿದ್ದವರು ಜಿಯಾ ಟ್ಯಾನ್ ಮಾತ್ರ. ಕ್ರಮೇಣ ಅವರು ಸಹಪಾಲಕರಾದರು, ಹೊಸ ಆವೃತ್ತಿಗಳನ್ನು ಪ್ರಕಟಿಸುವ ಅಧಿಕಾರವೂ ಅವರ ಕೈಸೇರಿತು. ದೂರು ಬರೆದ ಆ ಹೆಸರುಗಳಿಗೆ ಬೇರೆಲ್ಲೂ ಅಸ್ತಿತ್ವವಿರಲಿಲ್ಲವೆಂಬುದನ್ನು ಜನ ಗಮನಿಸಿದ್ದು ಎಲ್ಲವೂ ಬಯಲಾದ ಮೇಲೆ. ಈ ಘಟ್ಟವನ್ನು ಓದುವಾಗಲೆಲ್ಲ ನನ್ನ ಮನಸ್ಸು ಕುದಿಯುತ್ತದೆ. ಬೀಗದ ದೌರ್ಬಲ್ಯವನ್ನು ಹುಡುಕುವ ಕಳ್ಳರನ್ನು ಚರಿತ್ರೆ ಬಹಳವಾಗಿ ಕಂಡಿದೆ. ಒಬ್ಬ ಸಜ್ಜನನ ಆಯಾಸವನ್ನು ಅಳೆದು, ಅದನ್ನು ಬೇಕೆಂದೇ ಹೆಚ್ಚಿಸಿ, ಆಮೇಲೆ ಹೊರೆ ಇಳಿಸಿಕೊಡುವ ಮಿತ್ರನಂತೆ ಅವನ ಬಾಗಿಲಿಗೆ ಬಂದು ನಿಂತ ಕ್ರೌರ್ಯವು ಬೇರೆಯ ಜಾತಿಯದು.

ಸುಮಾರು ಎರಡು ವರ್ಷಗಳ ನಿಷ್ಕಳಂಕ ಸೇವೆಯ ಬಳಿಕ, 2024ರ ಫೆಬ್ರವರಿಯಲ್ಲಿ 5.6.0, ಮಾರ್ಚಿನಲ್ಲಿ 5.6.1 ಎಂಬ ಆವೃತ್ತಿಗಳು ಹೊರಬಿದ್ದವು. ವಿಷವನ್ನು ಅಡಗಿಸಿದ ಸ್ಥಾನವೇ ಅಡಗಿಸಿದವನ ಚಾತುರ್ಯವನ್ನು ಹೇಳುತ್ತದೆ. ಒತ್ತಿದ ಕಡತಗಳನ್ನು ಬಿಚ್ಚುವ ಪ್ರೋಗ್ರಾಮನ್ನು ಪರೀಕ್ಷಿಸಬೇಕಾದರೆ ಸರಿಯಾದ ಕಡತಗಳ ಜೊತೆಗೆ ಉದ್ದೇಶಪೂರ್ವಕವಾಗಿ ಕೆಡಿಸಿದ ಮಾದರಿ ಕಡತಗಳೂ ಬೇಕು. ಅವು ನೋಡುವವರಿಗೆ ಅರ್ಥಹೀನವಾದ ಅಂಕಿಗಳ ರಾಶಿಯಂತೆ ಇರತಕ್ಕವೇ ಆದುದರಿಂದ, ಅವುಗಳೊಳಗೆ ಇಣುಕಿನೋಡುವ ಯೋಚನೆ ಯಾರಿಗೂ ಬರುವುದಿಲ್ಲ. ದುಷ್ಟ ಕೋಡು ಅಂಥ ಎರಡು ಪರೀಕ್ಷಾ ಕಡತಗಳಲ್ಲಿತ್ತು. ಅದನ್ನು ಹೊರತೆಗೆದು ಜೋಡಿಸುವ ಕಿರು ಸಾಲುಗಳು ಎಲ್ಲರೂ ಓದುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ವಿತರಣೆಗೆಂದು ಕಟ್ಟಿದ ಟಾರ್ ಗಂಟಿನಲ್ಲಿ ಮಾತ್ರ ಸೇರಿದ್ದವು. ಡೆಬಿಯನ್, ಫೆಡೋರಾ ಮೊದಲಾದ ಕೆಲವು ಲಿನಕ್ಸ್ ವಿತರಣೆಗಳಲ್ಲಿ ಓಪನ್‌ಎಸ್‌ಎಸ್‌ಎಚ್‌ನ ಸರ್ವರಿಗೆ ಯಂತ್ರದ ಸೇವೆಗಳನ್ನು ನಿರ್ವಹಿಸುವ ಸಿಸ್ಟಂಡಿಯೊಡನೆ ಸಂಪರ್ಕ ಕಲ್ಪಿಸುವ ತಿದ್ದುಪಡಿ ಆಗ ಇದ್ದುದರಿಂದ, ಸಿಸ್ಟಂಡಿಯ ಬೆನ್ನಿಗೆ ಎಕ್ಸ್‌ಝೆಡ್‌ನ ಗ್ರಂಥಾಲಯವೂ ಒಳಗೆ ಬರುತ್ತಿತ್ತು. ತನಗೆ ಯಾವ ಸಂಬಂಧವೂ ಇಲ್ಲದ ಹೊಸ್ತಿಲಿನ ಮೇಲೆ ಹೀಗೆ ಕಾಲಿಟ್ಟ ಆ ಕೋಡು, ಒಂದು ನಿರ್ದಿಷ್ಟ ಗುಪ್ತಕೀಲಿಯನ್ನು ಹೊಂದಿದವನು ಬಂದಾಗ ಅವನ ಆಜ್ಞೆಯನ್ನು ಪಾಸ್‌ವರ್ಡಿಲ್ಲದೆ ನಡೆಸಿಕೊಡಲು ಸಿದ್ಧವಾಗಿತ್ತು. ಪರಿಚಯವಿಲ್ಲದ ಜಾಲದಲ್ಲಿ ಸುರಕ್ಷಿತವಾಗಿ ಒಳಬರುವ ಸಲುವಾಗಿ ಫಿನ್ಲೆಂಡಿನಲ್ಲಿ ಹುಟ್ಟಿದ ಸಾಧನಕ್ಕೇ ಈ ಗತಿ.

ಈ ವಂಚನೆ ಹೊರಬಿದ್ದುದು ಯಾವ ಭದ್ರತಾ ಸಂಸ್ಥೆಯ ತಪಾಸಣೆಯಿಂದಲೂ ಅಲ್ಲ. ಮೈಕ್ರೋಸಾಫ್ಟಿನಲ್ಲಿ ಉದ್ಯೋಗಿಯಾಗಿದ್ದ, ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸಿನ ಅಭಿವೃದ್ಧಿಕಾರರಲ್ಲೊಬ್ಬರಾದ ಆಂಡ್ರೆಸ್ ಫ್ರಾಯಿಂಡ್, ತಮ್ಮ ಡೇಟಾಬೇಸಿನ ವೇಗವನ್ನು ಅಳೆಯುವುದಕ್ಕಾಗಿ ಡೆಬಿಯನ್ನಿನ ಪ್ರಾಯೋಗಿಕ ಆವೃತ್ತಿಯಿದ್ದ ಯಂತ್ರವೊಂದನ್ನು ನಿಶ್ಶಬ್ದವಾಗಿಸಲು ಯತ್ನಿಸುತ್ತಿದ್ದರು. ಹೊರಗಿನಿಂದ ಯಾರೋ ತಪ್ಪು ಹೆಸರುಗಳನ್ನು ಕೊಟ್ಟು ಒಳಬರಲು ಮಾಡುತ್ತಿದ್ದ ವ್ಯರ್ಥಪ್ರಯತ್ನಗಳು, ಆ ಕ್ಷಣವೇ ತಿರಸ್ಕೃತವಾಗಬೇಕಾಗಿದ್ದರೂ, ಪ್ರೊಸೆಸರಿನ ಸಮಯವನ್ನು ಅತಿಯಾಗಿ ನುಂಗುತ್ತಿದ್ದುದು ಅವರ ಗಮನಕ್ಕೆ ಬಂತು. ಅಳೆದು ನೋಡಲಾಗಿ, ಮೊದಲು 0.299 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕಾರ್ಯ 0.807 ಸೆಕೆಂಡನ್ನು ತೆಗೆದುಕೊಳ್ಳುತ್ತಿತ್ತು. ಅರ್ಧ ಸೆಕೆಂಡು. ಇನ್ನೊಬ್ಬರಾಗಿದ್ದರೆ ಹೊಸ ಆವೃತ್ತಿಯ ಜಡತೆಯೆಂದು ಕೈಬಿಡಬಹುದಾಗಿದ್ದ ಆ ಅಂತರದ ಬೆನ್ನು ಹತ್ತಿ, ಕೆಲವು ವಾರಗಳ ಹಿಂದೆ ವಾಲ್‌ಗ್ರಿಂಡ್ ಎಂಬ ಪರೀಕ್ಷಕ ಸಾಧನವು ನುಡಿದಿದ್ದ ಒಂದು ವಿಚಿತ್ರ ಆಕ್ಷೇಪಣೆಯನ್ನೂ ಜ್ಞಾಪಿಸಿಕೊಂಡು, ಅವರು ಎಕ್ಸ್‌ಝೆಡ್‌ನ ಬುಡಕ್ಕೆ ಹೋಗಿ ತಲುಪಿದರು. 2024ರ ಮಾರ್ಚ್ 29ರಂದು ಲೋಕಕ್ಕೆ ಅರುಹಿದರು. ವಿಷಯುಕ್ತ ಆವೃತ್ತಿಗಳು ಪ್ರಾಯೋಗಿಕ ವಿತರಣೆಗಳನ್ನು ದಾಟಿ, ಕಚೇರಿಗಳೂ ಆಸ್ಪತ್ರೆಗಳೂ ನೆಚ್ಚಿಕೊಂಡಿರುವ ಡೆಬಿಯನ್ನಿನಂಥ ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಇನ್ನೂ ಹೊಕ್ಕಿರಲಿಲ್ಲ. ಜಿಯಾ ಟ್ಯಾನ್ ಎಂಬ ಹೆಸರು ಅಂದಿನಿಂದ ಮೌನವಾಯಿತು. ಅದರ ಹಿಂದಿದ್ದವರು ಇಂಥವರೆಂದು ಬಹಿರಂಗವಾಗಿ ಸಾಬೀತಾಗಿಲ್ಲ.

ಈ ಪ್ರಸಂಗವನ್ನು ಮುಂದಿಟ್ಟುಕೊಂಡು, ಕಂಡವರಿಗೆಲ್ಲ ಕೋಡನ್ನು ತೆರೆದಿಡುವುದೇ ಅಪಾಯವೆಂದು ವಾದಿಸಿದವರುಂಟು. ನಾನು ಆ ವಾದವನ್ನು ಒಪ್ಪಲಾರೆ. ಕೋಡು ಮುಚ್ಚಿದ್ದಿದ್ದರೆ ಫ್ರಾಯಿಂಡ್ ಆ ಅರ್ಧ ಸೆಕೆಂಡಿನ ಜಾಡನ್ನು ಹಿಡಿದು ಪರರ ಪ್ರೋಗ್ರಾಮಿನ ಒಳಗೆ ಅಷ್ಟು ದೂರ ನಡೆಯುವುದಕ್ಕೆ ದಾರಿಯೇ ಇರುತ್ತಿರಲಿಲ್ಲ. ಕೆಟ್ಟುದು ಪದ್ಧತಿಯಲ್ಲ, ಅದರ ಕಾವಲಿನ ಹಂಚಿಕೆ. 1955ರ ಆ ಎಂಜಿನಿಯರುಗಳಲ್ಲಿ ಕೊಡುವವರೂ ಪಡೆಯುವವರೂ ಒಬ್ಬರೇ ಆಗಿದ್ದರು, ಆದುದರಿಂದ ಕಾವಲಿನ ಭಾರವೂ ತಾನಾಗಿ ಹಂಚಿಹೋಗುತ್ತಿತ್ತು. ಪಡೆಯುವವರು ಕೋಟ್ಯಂತರವಾಗಿ ಕೊಡುವವರು ಬೆರಳೆಣಿಕೆಯಷ್ಟೇ ಉಳಿದಾಗ ಆ ಭಾರವನ್ನು ಹೊಸದಾಗಿ ಹಂಚುವ ಏರ್ಪಾಡು ಆಗಲಿಲ್ಲ. ಜರ್ಮನಿಯ ಸರ್ಕಾರ 2022ರಲ್ಲಿ ಇಂಥ ತಂತ್ರಾಂಶಗಳ ಪಾಲನೆಗೆಂದೇ ಒಂದು ನಿಧಿಯನ್ನು ಸ್ಥಾಪಿಸಿತು. ಮುಕ್ತ ತಂತ್ರಾಂಶದ ಮೇಲೆ ಇಷ್ಟೊಂದು ಜೀವನೋಪಾಯಗಳು ನಿಂತಿರುವ ನಮ್ಮ ಬೆಂಗಳೂರಿನ ಕಂಪನಿಗಳು, ತಾವು ದಿನವೂ ಬಳಸುವ ಸಣ್ಣ ಗ್ರಂಥಾಲಯಗಳ ಪಾಲಕರು ಯಾರು, ಅವರ ಸ್ಥಿತಿ ಹೇಗಿದೆ ಎಂದು ವಿಚಾರಿಸಿ, ತಮ್ಮ ಎಂಜಿನಿಯರುಗಳ ಕಾಲದಲ್ಲಿ ಒಂದು ಪಾಲನ್ನು ಅವರ ನೆರವಿಗೆ ಮೀಸಲಿಟ್ಟರೆ, ಅದು ದಾನವೆನಿಸದೆ ಸಲ್ಲಬೇಕಾದ ಋಣವೆನಿಸೀತು.

ಲಾಸೆ ಕೊಲಿನ್ ಯೋಜನೆಯನ್ನು ಬಿಟ್ಟು ಹೋಗಲಿಲ್ಲ. ತಮ್ಮ ವಿಶ್ವಾಸವನ್ನು ದ್ರೋಹಕ್ಕೆ ಬಳಸಿಕೊಂಡ ಹೆಸರಿನಿಂದ ಸೇರಿದ್ದ ಬದಲಾವಣೆಗಳನ್ನು ಮತ್ತೆ ಪರಿಶೀಲಿಸುವ ಕೆಲಸಕ್ಕೆ ಅವರೇ ಕುಳಿತರು. ಗುಪ್ತದ್ವಾರವನ್ನು ಕಿತ್ತುಹಾಕಿದ 5.6.2 ಆವೃತ್ತಿ 2024ರ ಮೇ 29ರಂದು ಅವರ ಕೈಯಿಂದ ಹೊರಬಂತು.