ಗೆದ್ದವನಿಗೂ ಬೇಕಾದ ಮತ

ದಂಡೆತ್ತಿ ಬಂದು ನಾಡೊಂದನ್ನು ಗೆದ್ದವನಿಗೆ ಆ ನಾಡಿನ ಪ್ರಜೆಯ ಮತವೇತಕ್ಕೆ? ಕೋಟೆ ಅವನದು, ಬೊಕ್ಕಸ ಅವನದು, ಸೆರೆಮನೆಯ ಬೀಗದ ಕೈಯೂ ಅವನದೇ. ಆದರೂ 1943ರ ಸೆಪ್ಟೆಂಬರ್ 20ರಂದು, ಜಪಾನೀ ಸೈನ್ಯ ಬೀಡುಬಿಟ್ಟಿದ್ದ ಫಿಲಿಪೀನ್ಸ್ ದ್ವೀಪಗಳಲ್ಲಿ ರಾಷ್ಟ್ರಸಭೆಯೊಂದಕ್ಕೆ ಚುನಾವಣೆ ನಡೆಯಿತು. ಮಹಾಯುದ್ಧದ ಇತಿಹಾಸದಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುವ ಈ ಪ್ರಸಂಗವನ್ನು ತುಸು ನಿಂತು ನೋಡುವುದು ಒಳ್ಳೆಯದು.

ಮತದಾನವೆಂಬುದು ಆ ಜನಕ್ಕೆ ಅಪರಿಚಿತವಾಗಿರಲಿಲ್ಲ. ಅಮೆರಿಕನ್ನರ ಆಳ್ವಿಕೆಯಲ್ಲಿಯೇ, 1907ರಲ್ಲಿ, ಅವರು ತಮ್ಮ ಮೊದಲ ಶಾಸನಸಭೆಯನ್ನು ಆರಿಸಿದ್ದರು. 1937ರ ಏಪ್ರಿಲ್‌ನಲ್ಲಿ, ಸ್ತ್ರೀಯರಿಗೆ ಮತಾಧಿಕಾರ ಬೇಕೆ ಎಂದು ಸ್ತ್ರೀಯರನ್ನೇ ಕೇಳಿದಾಗ, 4,47,725 ಮಂದಿ ಬೇಕೆಂದು ಮತ ನೀಡಿ ಆ ಹಕ್ಕನ್ನು ಪಡೆದಿದ್ದರು. 1941ರ ನವೆಂಬರ್‌ನಲ್ಲಿ ಸ್ತ್ರೀಪುರುಷರು ಕೂಡಿ ಹೊಸ ಶಾಸನಸಭೆಯನ್ನು ಚುನಾಯಿಸಿದರು. ಅದು ಸಮಾವೇಶಗೊಳ್ಳುವ ಮುನ್ನವೇ ಯುದ್ಧ ಬಂದೆರಗಿತು. 1942ರ ಜನವರಿ 2ರಂದು ಮನಿಲಾ ನಗರ ಜಪಾನೀಯರ ವಶವಾಯಿತು.

ಆ ವರ್ಷದ ಡಿಸೆಂಬರ್‌ನಲ್ಲಿ ಇದ್ದ ರಾಜಕೀಯ ಪಕ್ಷಗಳನ್ನೆಲ್ಲ ವಿಸರ್ಜಿಸಿ, ‘ಕಾಲಿಬಾಪಿ’ ಎಂಬ ಏಕೈಕ ಸಂಘಟನೆಯನ್ನು ಕಟ್ಟಲಾಯಿತು. ‘ನವ ಫಿಲಿಪೀನ್ಸಿನ ಸೇವಾಸಂಘ’ ಎಂಬುದು ಆ ಹೆಸರಿನ ಅರ್ಥ. ದ್ವೀಪಗಳಿಗೆ ಸ್ವಾತಂತ್ರ್ಯ ನೀಡುವುದಾಗಿ ಪ್ರಧಾನಿ ತೋಜೊ 1943ರ ಜನವರಿಯಲ್ಲಿ ಘೋಷಿಸಿದ ಮೇಲೆ ಸಂವಿಧಾನವೊಂದು ರಚಿತವಾಯಿತು. ಸೆಪ್ಟೆಂಬರ್ 7ರಂದು ಅದಕ್ಕೆ ಅನುಮೋದನೆ ಕೊಟ್ಟದ್ದು ಈ ಸಂಘದ ಸಮ್ಮೇಳನ. ಜನರನ್ನು ಯಾರೂ ಕೇಳಲಿಲ್ಲ.

ಇನ್ನು ಚುನಾವಣೆಯ ಬಗೆ. ಸಭೆಯ ಸದಸ್ಯರು ಒಟ್ಟು 108 ಮಂದಿ. ಅವರಲ್ಲಿ 54 ಮಂದಿ ಪ್ರಾಂತಗಳ ಗವರ್ನರುಗಳು ಮತ್ತು ನಗರಗಳ ಮೇಯರುಗಳು. ತಮ್ಮ ಹುದ್ದೆಯ ಬಲದಿಂದಲೇ ಸದಸ್ಯರಾದವರು. ಉಳಿದ 54 ಮಂದಿಯನ್ನು ಆರಿಸಿದವರು ಆಯಾ ಸ್ಥಳದ ಕಾಲಿಬಾಪಿ ಸಮಿತಿಗಳವರು. ಆರು ವರ್ಷಗಳ ಹಿಂದೆ ಹಕ್ಕನ್ನು ಗಳಿಸಿದ್ದ ಹೆಣ್ಣುಮಗಳಾಗಲಿ, ಗದ್ದೆಯಲ್ಲಿ ದುಡಿಯುವ ರೈತನಾಗಲಿ ಈ ಮತಪೆಟ್ಟಿಗೆಯ ಬಳಿ ಸುಳಿಯುವಂತಿರಲಿಲ್ಲ. ಸೆಪ್ಟೆಂಬರ್ 25ರಂದು ಸಭೆಯು ಹೋಸೆ ಲೌರೆಲ್ ಅವರನ್ನು ಗಣರಾಜ್ಯದ ಅಧ್ಯಕ್ಷರನ್ನಾಗಿ ಆರಿಸಿತು. ಕಾಲಿಬಾಪಿಯ ಮುಖಂಡ ಬೆನಿಗ್ನೊ ಅಕಿನೊ ಸಭಾಪತಿಗಳಾದರು.

ಇಷ್ಟೆಲ್ಲ ಏತಕ್ಕೆ ಎಂಬುದಕ್ಕೆ ಉತ್ತರ ಆ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ದೊರೆಯಿತು. ಅಲ್ಲಿ ನೆರೆದ ಪೂರ್ವ ಏಷ್ಯದ ಸಮ್ಮೇಳನದಲ್ಲಿ ಲೌರೆಲ್ಲರು ಸ್ವತಂತ್ರ ರಾಷ್ಟ್ರದ ನಾಯಕರಾಗಿ ಕುಳಿತರು; ನಮ್ಮ ಸುಭಾಷಚಂದ್ರ ಬೋಸರೂ ವೀಕ್ಷಕರಾಗಿ ಅಲ್ಲಿದ್ದರು. ಏಷ್ಯದ ಬಿಡುಗಡೆಗಾಗಿಯೇ ಈ ಯುದ್ಧವೆಂದು ಸಾರುವವನಿಗೆ, ಬಿಡುಗಡೆ ಪಡೆದವರೆಂದು ತೋರಿಸಲು ಕೆಲವರಾದರೂ ಬೇಕು. ಸೈನ್ಯವು ಆಜ್ಞೆಯನ್ನು ಪಾಲಿಸುವಂತೆ ಮಾಡಬಲ್ಲದು. ಒಪ್ಪಿಗೆಯ ಮುದ್ರೆಯನ್ನು ಮಾತ್ರ ಬೇರೆಲ್ಲಿಂದಲೋ ತರಬೇಕಾಗುತ್ತದೆ.

ಹಾಗಾದರೆ ಆ ಸಭೆಯಲ್ಲಿ ಕುಳಿತವರೆಲ್ಲ ದ್ರೋಹಿಗಳೆ? ಶ್ರೇಷ್ಠ ನ್ಯಾಯಾಧೀಶ ಹೋಸೆ ಅಬಾದ್ ಸಾಂತೋಸ್ ಜಪಾನೀಯರೊಡನೆ ಸಹಕರಿಸಲು ನಿರಾಕರಿಸಿ 1942ರಲ್ಲಿ ಗುಂಡಿಗೆ ಬಲಿಯಾದರು. ಅವರ ಮುಂದೆ ಉಳಿದವರು ಕುಬ್ಜರಾಗಿ ಕಾಣುತ್ತಾರೆ. ಆದರೆ ಅದೇ ಲೌರೆಲ್, 1943ರ ಜೂನ್‌ನಲ್ಲಿ ಹಂತಕನ ಗುಂಡು ತಗುಲಿಯೂ ಬದುಕಿದವರು, 1944ರ ಸೆಪ್ಟೆಂಬರ್‌ನಲ್ಲಿ ಅಮೆರಿಕ, ಬ್ರಿಟನ್ನುಗಳೊಡನೆ ಯುದ್ಧಸ್ಥಿತಿ ಘೋಷಿಸಿದರೂ ತಮ್ಮ ನಾಡಿನ ತರುಣರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಲು ಒಪ್ಪಲಿಲ್ಲ. ಬಾಗಿದವನು ಎಷ್ಟು ಬಾಗಿದ, ಎಲ್ಲಿ ನಿಂತ ಎಂಬುದನ್ನು ಅಳೆಯುವುದು ಸುಲಭದ ಕೆಲಸವಲ್ಲ. ಯುದ್ಧಾನಂತರ ಅವರ ಮೇಲೆ ರಾಜದ್ರೋಹದ 132 ಆರೋಪಗಳನ್ನು ಹೊರಿಸಲಾಯಿತು. ತೀರ್ಪು ಬರುವ ಮೊದಲೇ, 1948ರ ಜನವರಿಯಲ್ಲಿ, ಅಧ್ಯಕ್ಷ ಮಾನ್ಯುಯೆಲ್ ರೋಹಾಸ್ ಸಾರ್ವತ್ರಿಕ ಕ್ಷಮಾದಾನ ಘೋಷಿಸಿದರು. ಈ ರೋಹಾಸರೂ 1943ರ ಸಂವಿಧಾನವನ್ನು ರಚಿಸಿದ ಮಂಡಲಿಯಲ್ಲಿದ್ದವರೇ.

ಕೊನೆಗೆ ಒಂದು ಮಾತು. 1941ರಲ್ಲಿ ಜನ ಆರಿಸಿ ಕಳುಹಿಸಿದ್ದ ಆ ಶಾಸನಸಭೆ 1945ರ ಜೂನ್‌ನಲ್ಲಿ, ಹಾಳು ಸುರಿಯುತ್ತಿದ್ದ ಮನಿಲಾದಲ್ಲಿ, ಮೊದಲ ಬಾರಿಗೆ ಸೇರಿತು. ಸದಸ್ಯರಲ್ಲಿ ಸತ್ತವರಿದ್ದರು, ಸೆರೆಯಲ್ಲಿದ್ದವರಿದ್ದರು, ಕಳಂಕ ಹೊತ್ತವರೂ ಇದ್ದರು. ಆದರೂ ಅದನ್ನು ತಮ್ಮ ಸಭೆಯೆಂದು ಜನ ಗುರುತಿಸಿದರು. ತಾವೇ ಹಾಕಿದ ಮತವನ್ನು ಮೂರೂವರೆ ವರ್ಷಗಳ ಯುದ್ಧವೂ ಅವರಿಂದ ಮರೆಸಿರಲಿಲ್ಲ.