ಹಿತ್ತಲ ಗಿಡ ಮದ್ದಾದ ಕಥೆ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ನಾವು ಮಕ್ಕಳ ಮುಂದೆ ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಹೇಳುವುದು ಸುಲಭ. ಆದರೆ ನೂರು ಮೊಳಕೆಗಳನ್ನು ಸಾಲಾಗಿ ಮುಂದಿಟ್ಟು, ಇವುಗಳಲ್ಲಿ ಸಿರಿ ಯಾವುದರಲ್ಲಿದೆ, ಆರಿಸಿಕೊಡಿ ಎಂದರೆ ಗಾದೆ ಹೇಳಿದವರೇ ತಬ್ಬಿಬ್ಬಾದಾರು. ಪ್ರವೇಶದ ದಿನಗಳಲ್ಲಿ ಅಂಕಪಟ್ಟಿಗಳ ರಾಶಿಯ ಮುಂದೆ ಕೂತ ಯಾವ ಉಪನ್ಯಾಸಕನಿಗೂ ಈ ಕಷ್ಟ ಅಪರಿಚಿತವಲ್ಲ. ಅಂಕ ಹೇಳುವುದು ಹುಡುಗ ಇಂದು ಏನಾಗಿದ್ದಾನೆ ಎಂಬುದನ್ನು. ಕಾಲೇಜಿಗೆ ಬೇಕಾಗಿರುವುದು ಅವನು ನಾಳೆ ಏನಾದಾನು ಎಂಬುದು. ಈ ಎರಡರ ನಡುವಣ ಕಂದರವನ್ನು ದಾಟುವುದು ಹೇಗೆ ಎಂಬ ಪ್ರಶ್ನೆ ಅಮೆರಿಕದ ಕಾಲೇಜುಗಳಲ್ಲಿ ಒಂದು ಆಟದ ಸುತ್ತ ದೊಡ್ಡ ಜಗಳವಾಗಿ ಬೆಳೆದು, ಒಂದು ಲೀಗನ್ನೇ ಒಡೆದುಹಾಕಿತು. ಆ ಜಗಳದ ಚರಿತ್ರೆ ಆಟದ ಗಂಧವಿಲ್ಲದವರಿಗೂ ತಿಳಿಯತಕ್ಕದ್ದಾಗಿದೆ.

ಆಟ ಐಸ್ ಹಾಕಿ. ನಮ್ಮ ಕೊಡಗಿನ ಹುಡುಗರು ಹುಲ್ಲಿನ ಮೇಲೆ ಆಡುವ ಹಾಕಿಯ ದೂರದ ನೆಂಟ ಇದು. ಇಲ್ಲಿ ಅಂಗಳ ಹೆಪ್ಪುಗಟ್ಟಿದ ನೀರು; ಕಾಲಿಗೆ ಉಕ್ಕಿನ ಅಲಗು ಜೋಡಿಸಿದ ಬೂಟು; ಚೆಂಡಿಗೆ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಒಂದೊಂದು ಪಕ್ಷದಿಂದ ಐವರು ಆಟಗಾರರೂ ಒಬ್ಬ ಗೋಲ್‌ಕೀಪರನೂ ಕಣದಲ್ಲಿರುತ್ತಾರೆ. ವೇಗ ಎಷ್ಟೆಂದರೆ ಒಬ್ಬ ಆಟಗಾರ ಒಮ್ಮೆಗೆ ಮುಕ್ಕಾಲು ನಿಮಿಷ ಆಡುವಷ್ಟರಲ್ಲಿ ದಣಿದು ಬೆಂಚಿಗೆ ಮರಳುತ್ತಾನೆ, ಇನ್ನೊಬ್ಬ ಅವನ ಜಾಗಕ್ಕೆ ಹಾರುತ್ತಾನೆ. ಮೈಗೆ ಮೈ ತಾಗಿಸಿ ಎದುರಾಳಿಯನ್ನು ತಡೆಯುವುದು ಇಲ್ಲಿ ನಿಯಮಕ್ಕೆ ಒಳಪಟ್ಟದ್ದೇ.

ಇಂಥ ಆಟಕ್ಕೆ ಹದಿನೇಳು ಹದಿನೆಂಟರ ಹುಡುಗನನ್ನು ಆರಿಸಲು ಬಂದವನು ನೋಡುವುದೇನನ್ನು? ಎಣಿಸಬಹುದಾದದ್ದನ್ನು ಎಲ್ಲರೂ ನೋಡುತ್ತಾರೆ: ಎತ್ತರ, ತೂಕ, ಹೊಡೆದ ಗೋಲುಗಳು. ಆದರೆ ದುರ್ಬಲ ತಂಡಗಳ ಮೇಲೆ ಹೊಡೆದ ಮೂವತ್ತು ಗೋಲು ಬಲಿಷ್ಠರೆದುರು ಹೊಡೆದ ಹತ್ತಕ್ಕೆ ಸಮವಲ್ಲ. ಆದ್ದರಿಂದ ಪಳಗಿದ ಕಣ್ಣು ಬೇರೆ ಕಡೆಗೆ ಹೊರಳುತ್ತದೆ. ಹುಡುಗ ಅಲಗಿನ ಒಳಅಂಚು ಹೊರಅಂಚುಗಳೆರಡರ ಮೇಲೂ ನೆಚ್ಚಿಗೆಯಿಂದ ತಿರುಗಬಲ್ಲನೇ? ಮುಂದಕ್ಕೆ ಓಡಿದಷ್ಟೇ ಸಲೀಸಾಗಿ ಹಿಂದಕ್ಕೆ ಜಾರಬಲ್ಲನೇ? ಬಿಲ್ಲೆ ಕೋಲಿನ ತುದಿಯಲ್ಲಿದ್ದಾಗ ತಲೆ ಎತ್ತಿ ಕಣವನ್ನು ನೋಡುತ್ತಾನೆಯೇ, ಇಲ್ಲ ಬಿಲ್ಲೆಯನ್ನೇ ದಿಟ್ಟಿಸುತ್ತಾನೆಯೇ? ಬಿಲ್ಲೆ ತನ್ನ ಬಳಿ ಇಲ್ಲದಿದ್ದಾಗ ಏನು ಮಾಡುತ್ತಾನೆ? ಮೂಲೆಯ ನೂಕುನುಗ್ಗಲಿಗೆ ಮೊದಲು ಹೋಗುವವನೇ, ಎರಡನೆಯವನೇ? ತನ್ನ ತಪ್ಪಿನಿಂದ ಎದುರಾಳಿ ಗೋಲು ಹೊಡೆದ ಮೇಲೆ, ಬೆಂಚಿನಲ್ಲಿ ಅವನ ಮುಖ ಹೇಗಿರುತ್ತದೆ? ಕೊನೆಯ ಪ್ರಶ್ನೆಗೆ ಯಾವ ಅಂಕಪಟ್ಟಿಯಲ್ಲೂ ಕಲಮು ಇಲ್ಲ. ಆಯ್ಕೆಗಾರರು ಆಟ ಮುಗಿದ ಮೇಲೂ ಕೂತಿರುವುದು, ಶಾಲೆಯ ಉಪಾಧ್ಯಾಯರನ್ನು ವಿಚಾರಿಸುವುದು ಇದಕ್ಕಾಗಿಯೇ.

ಆದಿಯಲ್ಲಿ ಈ ಪ್ರಶ್ನೆಗಳಾವುವೂ ಇರಲಿಲ್ಲ. 1890ರ ದಶಕದ ಕೊನೆಯಲ್ಲಿ ಯೇಲ್, ಜಾನ್ಸ್ ಹಾಪ್‌ಕಿನ್ಸ್, ಹಾರ್ವರ್ಡ್, ಬ್ರೌನ್ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಮ್ಮತಮ್ಮೊಳಗೆ ಆಡತೊಡಗಿದಾಗ, ಕಾಲೇಜಿಗೆ ಬಂದಿದ್ದವರೇ ತಂಡವಾಗುತ್ತಿದ್ದರು; ತಂಡಕ್ಕಾಗಿ ಯಾರನ್ನೂ ಕಾಲೇಜಿಗೆ ತರುತ್ತಿರಲಿಲ್ಲ. 1948ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಮೊದಲ ರಾಷ್ಟ್ರೀಯ ಕಾಲೇಜು ಪಂದ್ಯಾವಳಿ ನಡೆಯಿತು. ವಿಕ್ ಹೇಲಿಗರ್ ಅವರ ಮಿಷಿಗನ್ ತಂಡ ಡಾರ್ಟ್‌ಮತ್ ತಂಡವನ್ನು 8–4ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. 1956ರೊಳಗೆ ಹೇಲಿಗರ್ ಅವರ ತಂಡಕ್ಕೆ ಆರು ಪ್ರಶಸ್ತಿಗಳು ಬಂದವು. ರಾಷ್ಟ್ರಪ್ರಶಸ್ತಿಯೆಂಬುದು ಹುಟ್ಟಿದ ಕೂಡಲೇ ಅದನ್ನು ಗೆಲ್ಲುವ ಹತ್ತಿರದ ದಾರಿಯೂ ಕಾಣಿಸಿತು. ಆ ದಾರಿ ಉತ್ತರದ ಗಡಿ ದಾಟಿ ಕೆನಡಾಕ್ಕೆ ಹೋಗುತ್ತಿತ್ತು. ಅಲ್ಲಿ ನಡೆಯಲು ಕಲಿತ ಮಗು ಮರುವರ್ಷ ಮಂಜಿನ ಮೇಲೆ ಜಾರಲು ಕಲಿಯುತ್ತದೆ. ಊರೂರಲ್ಲಿ ತರುಣರ ತಂಡಗಳಿವೆ. ವಿದ್ಯಾರ್ಥಿವೇತನದ ಕಾಗದ ಹಿಡಿದು ಹೋದರೆ ತಯಾರಾದ ಆಟಗಾರರು ಸಿಗುತ್ತಿದ್ದರು. ಮಿಷಿಗನ್ ತಂಡದಲ್ಲೇ ಕೆನಡಾದವರು ತುಂಬಿದ್ದರು.

ಹೀಗಿರಲು 1952ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ತಂಡದ ಹೊಣೆ ಜಾನ್ ಮರಿಯೂಚಿ ಎಂಬವರಿಗೆ ಬಂದಿತು. ಮರಿಯೂಚಿ ಹುಟ್ಟಿದ್ದು 1916ರಲ್ಲಿ, ಮಿನೆಸೋಟದ ಉತ್ತರಕ್ಕೆ ಮೆಸಾಬಿ ಎಂಬ ಕಬ್ಬಿಣದ ಅದುರಿನ ಸೀಮೆಯಲ್ಲಿರುವ ಎವೆಲೆತ್ ಎಂಬ ಊರಲ್ಲಿ. ಇಟಲಿ, ಸ್ಲೊವೇನಿಯಾ, ಫಿನ್‌ಲ್ಯಾಂಡುಗಳಿಂದ ಗಣಿಕೆಲಸಕ್ಕೆ ಬಂದವರ ಮಕ್ಕಳು ಒಂದೇ ಮಂಜಿನ ಮೇಲೆ ಆಡಿ ಬೆಳೆದ ಊರು ಅದು. ಆ ಪುಟ್ಟ ಊರು ವೃತ್ತಿಪರ ಲೀಗಿಗೆ ಫ್ರ್ಯಾಂಕ್ ಬ್ರಿಮ್‌ಸೆಕ್, ಮೈಕ್ ಕರಕಾಸ್, ಸ್ಯಾಮ್ ಲೊಪ್ರೆಸ್ಟಿ ಎಂಬ ಮೂವರು ಗೋಲ್‌ಕೀಪರರನ್ನು ಕೊಟ್ಟಿತು. ಸ್ವತಃ ಮರಿಯೂಚಿ ಶಿಕಾಗೊ ತಂಡದಲ್ಲಿ ಆಡಿದವರು. ನಮ್ಮ ಊರಿನ ಹುಡುಗರು ಯಾರಿಗೂ ಕಡಿಮೆಯಿಲ್ಲ ಎಂಬುದು ಅವರಿಗೆ ಕೇಳಿ ತಿಳಿದ ಮಾತಾಗಿರಲಿಲ್ಲ, ಆಡಿ ಕಂಡದ್ದಾಗಿತ್ತು. ಎವೆಲೆತ್ತಿನವನೇ ಆದ ಜಾನ್ ಮೇಯಸಿಚ್ ಅವರ ತಂಡದ ಕಣ್ಮಣಿಯಾದ. 1953ರ ಅಂತಿಮ ಪಂದ್ಯದಲ್ಲಿ ಮಿಷಿಗನ್ ಎದುರು 7–3ರ ಸೋಲು. ಮರುವರ್ಷದ ಅಂತಿಮ ಪಂದ್ಯದಲ್ಲಿ ರೆನ್ಸೆಲರ್ ಸಂಸ್ಥೆಯ ಎದುರು ಹೆಚ್ಚಿನ ಅವಧಿಯಲ್ಲಿ 5–4ರ ಸೋಲು. ಕೈಗೆ ಬಂದ ತುತ್ತು ಎರಡು ಬಾರಿ ಬಾಯಿಗೆ ಬರಲಿಲ್ಲ.

ಇನ್ನೊಂದು ಕಡೆ, 1956ರಲ್ಲಿ ಡೆನ್ವರ್ ವಿಶ್ವವಿದ್ಯಾಲಯಕ್ಕೆ ಮರ್ರೆ ಆರ್ಮ್‌ಸ್ಟ್ರಾಂಗ್ ಬಂದರು. ಕೆನಡಾದ ರೆಜೈನ ನಗರದ ತರುಣರ ತಂಡವನ್ನು ತರಬೇತು ಮಾಡಿದ್ದ ಅವರಿಗೆ ಅಲ್ಲಿನ ಒಂದೊಂದು ಅಂಗಳವೂ ಗೊತ್ತು. ಅವರು ಆರಿಸಿ ತಂದ ತರುಣರು 1958ರಲ್ಲಿ ರಾಷ್ಟ್ರಪ್ರಶಸ್ತಿ ಗೆದ್ದರು. 1960, 1961, 1968, 1969ರಲ್ಲಿ ಮತ್ತೆ ಗೆದ್ದರು. 1961ರ ಅಂತಿಮ ಪಂದ್ಯದಲ್ಲಂತೂ ಸೇಂಟ್ ಲಾರೆನ್ಸ್ ವಿರುದ್ಧ 12–2! ಈ ತರುಣರಲ್ಲಿ ಹಲವರು ಕೆನಡಾದ ತರುಣರ ಲೀಗುಗಳಲ್ಲಿ ವರ್ಷಗಟ್ಟಲೆ ಆಡಿ, ಇಪ್ಪತ್ತು ದಾಟಿದ ಮೇಲೆ ಕಾಲೇಜಿನ ಮೊದಲ ತರಗತಿಗೆ ಸೇರಿದವರು. ಹೈಸ್ಕೂಲು ಮುಗಿಸಿ ನೇರವಾಗಿ ಬಂದ ಹದಿನೆಂಟರ ಹುಡುಗನಿಗೆದುರಾಗಿ ಇಪ್ಪತ್ತುಮೂರರ ಗಂಡಸು! ಇದು ಆಯ್ಕೆಯಲ್ಲ, ಖರೀದಿ ಎಂದು ಮರಿಯೂಚಿ ಅವರ ಕಡೆಯವರು ಸಿಡಿದರು. 1958ರಲ್ಲಿ ಮಿನೆಸೋಟ, ಮಿಷಿಗನ್, ಮಿಷಿಗನ್ ಸ್ಟೇಟ್, ಮಿಷಿಗನ್ ಟೆಕ್ ನಾಲ್ಕೂ ಪಶ್ಚಿಮದ ಲೀಗಿನಿಂದ ಹೊರನಡೆದವು. ಲೀಗು ಮುರಿದುಬಿತ್ತು. ಮರುವರ್ಷ ಅದು ಬೇರೆ ಹೆಸರಿನಿಂದ ಮತ್ತೆ ಕೂಡಿಕೊಂಡಿತಾದರೂ, ಮಿನೆಸೋಟ ಡೆನ್ವರ್ ಜೊತೆ ಲೀಗಿನ ಪಂದ್ಯಗಳನ್ನು ಹಲವು ವರ್ಷ ಆಡಲಿಲ್ಲ. ಕೆನಡಾದವರನ್ನು ತಾನೇ ಧಾರಾಳವಾಗಿ ತಂದಿದ್ದ ಮಿಷಿಗನ್ ಕೂಡ ಹೊರನಡೆದವರ ಸಾಲಿನಲ್ಲಿದ್ದುದು ಈ ಪ್ರಸಂಗದ ವಿನೋದ.

ಆರ್ಮ್‌ಸ್ಟ್ರಾಂಗ್ ಅವರ ಪಕ್ಷದಲ್ಲಿ ನ್ಯಾಯವಿರಲಿಲ್ಲವೆನ್ನುವಂತಿಲ್ಲ. ಆ ಕಾಲದ ಕೆನಡಾದಲ್ಲಿ ವೃತ್ತಿಪರ ತಂಡಗಳು ಹುಡುಗರನ್ನು ಮೀಸೆ ಮೂಡುವ ಮೊದಲೇ ಕರಾರಿನಲ್ಲಿ ಕಟ್ಟಿಹಾಕುತ್ತಿದ್ದವು. ಮುಂದೆ ಜಗದ್ವಿಖ್ಯಾತನಾದ ಬಾಬಿ ಆರ್ 1962ರಲ್ಲಿ ಬಾಸ್ಟನ್ ತಂಡದ ಕಾಗದಕ್ಕೆ ಸಹಿ ಮಾಡಿದಾಗ ಅವನ ವಯಸ್ಸು ಹದಿನಾಲ್ಕು. ಈ ವ್ಯವಸ್ಥೆಯಲ್ಲಿ ಗೆದ್ದವನೊಬ್ಬನಿಗೆ ಸೋತವರು ನೂರು ಮಂದಿ. ಸೋತವರ ಕೈಯಲ್ಲಿ ಆಟವೂ ಇಲ್ಲ, ಓದೂ ಇಲ್ಲ. ಅಂಥವನಿಗೆ ಇಪ್ಪತ್ತೊಂದರಲ್ಲಿ ಕಾಲೇಜಿನ ಬಾಗಿಲು ತೆರೆದರೆ ಅದು ಅನ್ಯಾಯವೇ? ಡೆನ್ವರಿನಲ್ಲಿ ಓದಿ, ಆಡಿ, ಮುಂದೆ ಶಿಕಾಗೊ ತಂಡದ ನೆಚ್ಚಿನ ಆಟಗಾರರಾದ ಕೀತ್ ಮ್ಯಾಗ್ನುಸನ್, ಕ್ಲಿಫ್ ಕೊರೊಲ್ ಈ ಮಾತಿಗೆ ಸಾಕ್ಷಿ. ಇನ್ನೂ ದೊಡ್ಡ ಸಾಕ್ಷಿ ಪೂರ್ವದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ ನೆಡ್ ಹಾರ್ಕ್‌ನೆಸ್ ಅವರ ತಂಡಕ್ಕೆ ಒಂಟಾರಿಯೊದಿಂದ ಕೆನ್ ಡ್ರೈಡನ್ ಎಂಬ ಗೋಲ್‌ಕೀಪರ್ ಬಂದ. 1964ರಲ್ಲೇ ವೃತ್ತಿಪರ ಲೀಗು ಅವನ ಹೆಸರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು. ಹದಿಮೂರು ಹೆಸರು ಕೂಗಿದ ಮೇಲೆ ಹದಿನಾಲ್ಕನೆಯದಾಗಿ ಅವನ ಹೆಸರು. ಬಾಸ್ಟನ್ ತಂಡ ಅವನನ್ನು ಆರಿಸಿ, ಕೆಲವೇ ದಿನಗಳಲ್ಲಿ ಮಾಂಟ್ರಿಯಲ್‌ಗೆ ಬಿಟ್ಟುಕೊಟ್ಟಿತು. ಅವನಾದರೋ ಮೊದಲು ಓದು ಎಂದು ಕಾರ್ನೆಲ್‌ಗೆ ನಡೆದ. 76 ಗೆಲುವು, ಕೇವಲ 4 ಸೋಲು, 1967ರ ರಾಷ್ಟ್ರಪ್ರಶಸ್ತಿ. ಜೊತೆಗೆ ಚರಿತ್ರೆಯಲ್ಲಿ ಪದವಿ. 1971ರಲ್ಲಿ ಮಾಂಟ್ರಿಯಲ್ ತಂಡಕ್ಕೆ ಸ್ಟ್ಯಾನ್ಲಿ ಕಪ್ ಗೆದ್ದುಕೊಡುವುದರಲ್ಲಿ ಮುಖ್ಯನಾದವನು ಅವನೇ.

ಹಾಗಾದರೆ ಮರಿಯೂಚಿ ಅವರ ವಾದವೆಲ್ಲ ಬರಿಯ ಪ್ರಾಂತಾಭಿಮಾನವೋ? ಹಾಗೆಂದು ತೀರ್ಮಾನಿಸಿದರೆ ಅವರ ಕೆಲಸವನ್ನು ಅರ್ಥ ಮಾಡಿಕೊಂಡಂತಾಗುವುದಿಲ್ಲ. ಕೆನಡಾದವನೆಂಬ ಕಾರಣಕ್ಕೆ ಅವರು ಯಾರನ್ನೂ ದೂರವಿಟ್ಟವರಲ್ಲ; ವಿನಿಪೆಗ್‌ನ ಮರ್ರೆ ವಿಲಿಯಮ್ಸನ್, ಸೂ ಸೇಂಟ್ ಮರಿಯ ಲೂ ನ್ಯಾನಿ ಇಬ್ಬರೂ ಅವರ ತಂಡದಲ್ಲಿ ಆಡಿದರು. ಮುಂದೆ ನ್ಯಾನಿ 1968ರ ಒಲಿಂಪಿಕ್ಸಿನಲ್ಲಿ ಅಮೆರಿಕ ತಂಡದ ನಾಯಕನಾದರೆ, ವಿಲಿಯಮ್ಸನ್ 1972ರಲ್ಲಿ ಬೆಳ್ಳಿ ಗೆದ್ದ ಅಮೆರಿಕ ತಂಡದ ತರಬೇತುದಾರರಾದರು. ಮರಿಯೂಚಿ ಅವರ ತಕರಾರು ಇದ್ದುದು ತಯಾರಾದ ಹಣ್ಣನ್ನು ಮಾತ್ರ ಕೊಳ್ಳುವ ಅಭ್ಯಾಸದ ಮೇಲೆ. ರಾಜ್ಯದ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾಲಯ ಆ ರಾಜ್ಯದ ಹುಡುಗನಿಗೆ, ನೀನು ಇನ್ನೂ ಕಾಯಿ, ಬೇರೆ ಕಡೆ ಹಣ್ಣು ಸಿಕ್ಕಿದೆ ಎಂದು ಹೇಳಿ ಕಳಿಸುತ್ತಿದ್ದರೆ, ಊರಿನಲ್ಲಿ ಗಿಡ ನೆಡುವವರು ಯಾರು?

ಈ ಪ್ರಶ್ನೆ ಕೇಳಿ ಅವರು ಸುಮ್ಮನೆ ಕೂರಲಿಲ್ಲ. ಮಿನೆಸೋಟದಲ್ಲಿ ಹೈಸ್ಕೂಲು ತಂಡಗಳ ರಾಜ್ಯ ಪಂದ್ಯಾವಳಿ 1945ರಲ್ಲೇ ಆರಂಭವಾಗಿತ್ತು. ಮರಿಯೂಚಿ ಊರೂರು ಸುತ್ತಿದರು. ಪುರಸಭೆಯವರನ್ನು, ಶಾಲೆಯವರನ್ನು ಕಂಡು ಮಂಜಿನ ಅಂಗಳ ಕಟ್ಟಿಸಿ ಎಂದು ಬೆನ್ನುಬಿದ್ದರು. ಆಯ್ಕೆಗಾರನು ಸಾಮಾನ್ಯವಾಗಿ ಇರುವುದರಲ್ಲಿ ಒಳ್ಳೆಯದನ್ನು ಹೆಕ್ಕುತ್ತಾನೆ. ಇವರು ಹೆಕ್ಕುವುದಕ್ಕೆ ಇರಬೇಕಾದದ್ದನ್ನೇ ಬೆಳೆಸಲು ಹೊರಟರು. ಫಲವನ್ನು ಅವರು ತಮ್ಮ ಕಾಲದಲ್ಲಿ ಉಣ್ಣಲಿಲ್ಲ. 1966ರಲ್ಲಿ ಅವರು ವಿಶ್ವವಿದ್ಯಾಲಯದ ತಂಡವನ್ನು ಬಿಟ್ಟಾಗ ಅವರ ಹೆಸರಿನ ಮುಂದೆ ಒಂದೇ ಒಂದು ರಾಷ್ಟ್ರಪ್ರಶಸ್ತಿ ಇರಲಿಲ್ಲ. ಲೆಕ್ಕಪತ್ರ ನೋಡುವವರಿಗೆ ಆರ್ಮ್‌ಸ್ಟ್ರಾಂಗ್ ಐದು, ಮರಿಯೂಚಿ ಸೊನ್ನೆ.

ಆದರೆ ಚರಿತ್ರೆ ಲೆಕ್ಕಪತ್ರದ ಪುಟ ಮುಗಿದ ಮೇಲೂ ಮುಂದುವರಿಯುತ್ತದೆ. ಮರಿಯೂಚಿ ಅವರ ಬಳಿ ಆಡಿ ಕಲಿತ ಸೇಂಟ್ ಪಾಲ್ ನಗರದ ಹುಡುಗ ಹರ್ಬ್ ಬ್ರೂಕ್ಸ್ 1972ರಲ್ಲಿ ಅದೇ ತಂಡದ ತರಬೇತುದಾರನಾದ. ಬಹುಮಟ್ಟಿಗೆ ಅದೇ ರಾಜ್ಯದ ಹುಡುಗರನ್ನು ಕಟ್ಟಿಕೊಂಡು 1974, 1976, 1979ರಲ್ಲಿ ಮೂರು ರಾಷ್ಟ್ರಪ್ರಶಸ್ತಿ ಗೆದ್ದ. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಬಾಯಿ ಕಟ್ಟಿತು. ಇಪ್ಪತ್ತು ವರ್ಷಗಳ ಹಿಂದೆ ಅಂಗಳಗಳು ಎದ್ದಿರದಿದ್ದರೆ ಬ್ರೂಕ್ಸ್ ಆರಿಸುವುದಕ್ಕೆ ಅಷ್ಟು ಮಂದಿ ಹುಡುಗರು ಎಲ್ಲಿಂದ ಬರುತ್ತಿದ್ದರು?

ಬ್ರೂಕ್ಸ್ ಅವರಿಗೆ ಆಯ್ಕೆಯ ಮತ್ತೊಂದು ಮುಖವೂ ಗೊತ್ತಿತ್ತು. 1960ರ ಒಲಿಂಪಿಕ್ ತಂಡದಿಂದ ಕೊನೆಯ ಗಳಿಗೆಯಲ್ಲಿ ಕೈಬಿಟ್ಟವರಲ್ಲಿ ಕಟ್ಟಕಡೆಯವರು ಅವರೇ. ಆ ತಂಡ ಚಿನ್ನ ಗೆದ್ದಿತು. 1979ರ ಬೇಸಗೆಯಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಮುಂದಿನ ಒಲಿಂಪಿಕ್ಸಿಗಾಗಿ ಕಾಲೇಜು ಹುಡುಗರನ್ನು ಆರಿಸುವ ಕುರ್ಚಿಯಲ್ಲಿ ಅವರು ಕೂತರು. ಆಟದ ಜೊತೆಗೆ ಮನೋಧರ್ಮ ಅಳೆಯುವ ಪ್ರಶ್ನಪತ್ರಿಕೆಯನ್ನೂ ಕೊಟ್ಟರು. ಅತ್ಯಂತ ಚತುರರಿಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಹೊಂದುವವರನ್ನು ಹುಡುಕಿದರು. ಕೊನೆಗೆ ಉಳಿದ ಇಪ್ಪತ್ತು ಮಂದಿಯಲ್ಲಿ ಹನ್ನೆರಡು ಮಂದಿ ಮಿನೆಸೋಟದವರು. 1980ರ ಫೆಬ್ರವರಿ 22ರಂದು ಲೇಕ್ ಪ್ಲ್ಯಾಸಿಡ್‌ನಲ್ಲಿ ಆ ಹುಡುಗರು ಅಜೇಯವೆನಿಸಿದ್ದ ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿ, ಎರಡು ದಿನಗಳ ಮೇಲೆ ಫಿನ್‌ಲ್ಯಾಂಡನ್ನೂ ಸೋಲಿಸಿ ಚಿನ್ನ ಗೆದ್ದರು. ಆದರೆ ಆ ತಂಡದಿಂದಲೂ ಕಟ್ಟಕಡೆಗೆ ಕೈಬಿಡಲ್ಪಟ್ಟವನೊಬ್ಬನಿದ್ದ, ನ್ಯೂ ಹ್ಯಾಂಪ್‌ಷೈರಿನ ರಾಲ್ಫ್ ಕಾಕ್ಸ್. ಆ ಮಾತನ್ನು ಅವನಿಗೆ ಹೇಳಬೇಕಾಗಿ ಬಂದದ್ದು, ಅದನ್ನು ಇಪ್ಪತ್ತು ವರ್ಷಗಳ ಹಿಂದೆ ತಾನೇ ಕೇಳಿಸಿಕೊಂಡಿದ್ದವರಿಗೆ.

ಕಣ್ಣು ಎಷ್ಟು ಪಳಗಿದರೂ ತಪ್ಪುತ್ತದೆ. ಐದಡಿ ಎಂಟಂಗುಲದ ಮಾರ್ಟಿನ್ ಸೇಂಟ್ ಲೂಯಿ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಗೋಲಿನ ಮೇಲೆ ಗೋಲು ಹೊಡೆದರೂ, ಕುಳ್ಳನೆಂದು ವೃತ್ತಿಪರ ತಂಡಗಳಾವುವೂ ತಮ್ಮ ಆಯ್ಕೆಯ ಪಟ್ಟಿಯಲ್ಲಿ ಅವನ ಹೆಸರು ಬರೆಯಲಿಲ್ಲ. 2004ರಲ್ಲಿ ಅವನು ಲೀಗಿನ ಸರ್ವೋತ್ತಮ ಆಟಗಾರನೆನಿಸಿಕೊಂಡ. ಇನ್ನೊಂದು ತುದಿಯಲ್ಲಿ, ಕಾಲೇಜುಗಳು ಹದಿನಾಲ್ಕು ಹದಿನೈದರ ಬಾಲಕರಿಗೇ ಮಾತು ಕೊಡತೊಡಗಿದವು. 2019ರಲ್ಲಿ ನಿಯಮ ಮಾಡಿ ಆ ಅವಸರಕ್ಕೆ ಕಡಿವಾಣ ಹಾಕಬೇಕಾಯಿತು.

ಹಳೆಯ ಜಗಳವೂ ಮುಗಿದಿಲ್ಲ. ಕೆನಡಾದ ಪ್ರಮುಖ ತರುಣ ಲೀಗುಗಳಲ್ಲಿ ಆಡಿದವರನ್ನು ಅರೆವೃತ್ತಿಪರರೆಂದು ಹಲವು ದಶಕ ದೂರವಿಟ್ಟಿದ್ದ ಅಮೆರಿಕದ ಕಾಲೇಜು ಕ್ರೀಡಾಸಂಸ್ಥೆ 2024ರ ನವೆಂಬರಿನಲ್ಲಿ ಆ ಬೇಲಿಯನ್ನು ಕಿತ್ತುಹಾಕಿತು. 2025ರ ಆಗಸ್ಟಿನಿಂದ ಅವರಿಗೆ ಬಾಗಿಲು ತೆರೆದಿದೆ. ಓದಿನ ಅವಕಾಶ ಹೆಚ್ಚಿತೆಂದು ಆರ್ಮ್‌ಸ್ಟ್ರಾಂಗ್ ಇದ್ದಿದ್ದರೆ ಸಂತೋಷಪಡುತ್ತಿದ್ದರು. ಆದರೆ ತಂಡದಲ್ಲಿ ಜಾಗಗಳು ಹೆಚ್ಚಿಲ್ಲ. ಅನುಭವವುಳ್ಳ ಒಬ್ಬ ತರುಣ ಒಳಗೆ ಬಂದಾಗ, ಇನ್ನೂ ಮಾಗದ ಒಬ್ಬ ಹುಡುಗ ಹೊರಗೆ ಉಳಿಯುತ್ತಾನೆ. ಅವನಿಗಾಗಿ ಯಾವ ಊರಿನಲ್ಲಿ ಯಾರು ಅಂಗಳ ಕಟ್ಟುತ್ತಿದ್ದಾರೆ ಎಂಬ ಮರಿಯೂಚಿ ಅವರ ಪ್ರಶ್ನೆ ಹಾಗೆಯೇ ನಿಂತಿದೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುತ್ತದೆಯೋ ಇಲ್ಲವೋ, ಮೊಳಕೆಗೆ ನೀರೆರೆದವರಿಗೆ ಮಾತ್ರ ಅದನ್ನು ತೂಗುವ ಅಧಿಕಾರ ಉಂಟೆಂದು ಈ ಚರಿತ್ರೆ ಹೇಳುವಂತಿದೆ. ವಿದ್ಯಾರ್ಥಿಗಳನ್ನು ಆರಿಸುವ ಯಾವ ಸಂಸ್ಥೆಗಾದರೂ ಈ ಮಾತು ಸಲ್ಲುತ್ತದೆ.