ಶಿಶುಗಳ ಚಲನ ಬೆಳವಣಿಗೆಯಲ್ಲಿ ಅಭ್ಯಾಸದ ಪಾತ್ರ: ಸಂಶೋಧನೆಯ ಇತಿಹಾಸ

ಮಗು ಕೂರುವುದು, ಅಂಬೆಗಾಲಿಡುವುದು, ನಡೆಯುವುದು ನರಮಂಡಲ ಬಲಿತಂತೆ ತಾನಾಗಿ ಬರುತ್ತದೆಯೇ, ಅಥವಾ ಅಭ್ಯಾಸ ಮಾಡಿಸಿದರೆ ಬೇಗ ಬರುತ್ತದೆಯೇ? 20ನೆಯ ಶತಮಾನದುದ್ದಕ್ಕೂ ಮನೋವಿಜ್ಞಾನಿಗಳು ಈ ಪ್ರಶ್ನೆಯ ಸುತ್ತ ವಾದಿಸಿದ್ದಾರೆ.

1929ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಮತ್ತು ಹೆಲೆನ್ ಥಾಂಪ್ಸನ್ ಅವಳಿ ಹೆಣ್ಣುಮಕ್ಕಳ ಪ್ರಯೋಗವನ್ನು ಪ್ರಕಟಿಸಿದರು. ಒಬ್ಬಳಿಗೆ 46ನೆಯ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ತರಬೇತಿ ಕೊಟ್ಟರು. ಇನ್ನೊಬ್ಬಳು 53ನೆಯ ವಾರದಲ್ಲಿ ಶುರುಮಾಡಿ ಎರಡೇ ವಾರದಲ್ಲಿ ಹೆಚ್ಚುಕಡಿಮೆ ಅವಳ ಸಮಕ್ಕೆ ಬಂದಳು. ಬೆಳವಣಿಗೆಯದೇ ಮೇಲುಗೈ ಎಂದು ಗೆಸೆಲ್ ತೀರ್ಮಾನಿಸಿದರು. ಆದರೆ ತರಬೇತಿ ಇಲ್ಲದ ಮಗು ಆ ವಾರಗಳಲ್ಲಿ ಕೈಕಾಲು ಕಟ್ಟಿಕೊಂಡೇನೂ ಕೂತಿರಲಿಲ್ಲ. ದಿನನಿತ್ಯದ ಓಡಾಟವೂ ಅಭ್ಯಾಸವೇ ಎಂಬುದು ಆಗ ಲೆಕ್ಕಕ್ಕೆ ಬರಲಿಲ್ಲ. ಮರ್ಟಲ್ ಮೆಕ್‌ಗ್ರಾ 1935ರಲ್ಲಿ ಪ್ರಕಟಿಸಿದ ಜಾನಿ–ಜಿಮ್ಮಿ ಅವಳಿಗಳ ಅಧ್ಯಯನ ಇನ್ನಷ್ಟು ಸೂಕ್ಷ್ಮ: ನಡಿಗೆಯಲ್ಲಿ ತರಬೇತಿ ಹೆಚ್ಚು ಬದಲಾವಣೆ ತರಲಿಲ್ಲ, ಇಳಿಜಾರು ಹತ್ತುವುದು, ಸ್ಕೇಟಿಂಗ್‌ಗಳಲ್ಲಿ ತಂದಿತು.

ವೇಯ್ನ್ ಡೆನ್ನಿಸ್ ಕಂಡ ಎರಡು ಸಂಗತಿಗಳು ಒಂದನ್ನೊಂದು ಒಪ್ಪುವಂತಿರಲಿಲ್ಲ. ಹಲಗೆಗೆ ಬಿಗಿದು ಬೆಳೆಸಿದ ಅರಿಜೋನಾದ ಹೋಪಿ ಶಿಶುಗಳೂ ಹಲಗೆ ಬಳಸದ ಹಳ್ಳಿಗಳ ಶಿಶುಗಳಷ್ಟೇ ಹೊತ್ತಿಗೆ ನಡೆದವು ಎಂದು ಅವರು ಪತ್ನಿ ಮಾರ್ಸೇನಾ ಜೊತೆ 1940ರಲ್ಲಿ ಬರೆದರು. 1960ರಲ್ಲಿ ವರದಿ ಮಾಡಿದ ಟೆಹರಾನ್‌ನ ಅನಾಥಾಲಯಗಳಲ್ಲಿ ಸದಾ ಅಂಗಾತ ಮಲಗಿಸಿಟ್ಟ ಮಕ್ಕಳು ಕೂರುವುದರಲ್ಲೂ ನಡೆಯುವುದರಲ್ಲೂ ಬಹಳ ಹಿಂದೆ ಬಿದ್ದಿದ್ದರು. ಬೆಳವಣಿಗೆ ಒಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ.

1972ರಲ್ಲಿ ಫಿಲಿಪ್ ಜೆಲಾಜೊ ಮತ್ತು ಸಂಗಡಿಗರು ನವಜಾತ ಶಿಶುಗಳ ಹೆಜ್ಜೆ ಹಾಕುವ ಪ್ರತಿವರ್ತನೆಗೆ ಎರಡರಿಂದ ಎಂಟನೆಯ ವಾರದವರೆಗೆ ದಿನಕ್ಕೆ ಕೆಲವೇ ನಿಮಿಷ ಅಭ್ಯಾಸ ಕೊಡಿಸಿದರು. ಸಾಮಾನ್ಯವಾಗಿ ಮಾಯವಾಗುವ ಹೆಜ್ಜೆ ಹೆಚ್ಚಿತು, ಮಕ್ಕಳು ಬೇಗ ನಡೆದರು. ಅದು ಮಾಯವಾಗುವುದೇಕೆ? ಎಸ್ತರ್ ಥೆಲೆನ್ 1984ರಲ್ಲಿ ಸರಳ ಉತ್ತರ ಕೊಟ್ಟರು: ತೊಡೆಗೆ ಕೊಬ್ಬು ತುಂಬಿ ಕಾಲು ಭಾರವಾಗುತ್ತದೆ. ಮಗುವನ್ನು ಎದೆಮಟ್ಟ ನೀರಿನಲ್ಲಿ ಹಿಡಿದಾಗ ಹೆಜ್ಜೆಗಳು ಹೆಚ್ಚಿದವು, ಕಾಲಿಗೆ ತೂಕ ಕಟ್ಟಿದಾಗ ಕಡಿಮೆಯಾದವು. ಮಿದುಳಷ್ಟೇ ಅಲ್ಲ, ಮೈಯೂ ಈ ಕಥೆಯ ಪಾತ್ರಧಾರಿ ಎಂದಾಯಿತು.

ಪ್ರಯೋಗಾಲಯಕ್ಕಿಂತ ಮೊದಲೇ ತಾಯಂದಿರಿಗೆ ಗೊತ್ತಿದ್ದ ವಿಷಯವನ್ನು ಚಾರ್ಲ್ಸ್ ಸೂಪರ್ 1976ರಲ್ಲಿ ಕೀನ್ಯಾದಿಂದ ವರದಿ ಮಾಡಿದರು. ಕಿಪ್ಸಿಗಿಸ್ ತಾಯಂದಿರು ಮಕ್ಕಳಿಗೆ ಕೂರಲು, ನಡೆಯಲು ಬೇಕೆಂದೇ ಕಲಿಸುತ್ತಾರೆ. ಆ ಮಕ್ಕಳು ಮುಂದಿದ್ದುದು ಕಲಿಸಿದ ಕೆಲಸಗಳಲ್ಲಿ ಮಾತ್ರ.

ಹೇಳಿಕೊಡುವವರಿಲ್ಲದೆಯೂ ಮಗು ಎಷ್ಟು ಅಭ್ಯಾಸ ಮಾಡುತ್ತದೆಂದು ನ್ಯೂಯಾರ್ಕ್‌ನಲ್ಲಿ ಕ್ಯಾರನ್ ಅಡಾಲ್ಫ್ ತಂಡ ಎಣಿಸಿತು. 2012ರ ಈ ಅಧ್ಯಯನದ ಪ್ರಕಾರ 12ರಿಂದ 19 ತಿಂಗಳ ಮಕ್ಕಳು ಸ್ವತಂತ್ರವಾಗಿ ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರೆ, 17 ಸಲ ಬೀಳುತ್ತಾರೆ.